ಕಲ್ಲು, ಕಂಬ, ಗಡಿಯಾರ, ನಾಮಫಲಕ: ದಾರಿಯಲ್ಲಿ ಸಿಗುವ ಗುರುತುಗಳ ಫೋಟೊ ತೆಗೆಯುವುದು ಹೇಗೆ

ಶ್ರವಣಬೆಳಗೊಳದ ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಕ್ರಿ.ಶ. 981ರ ಸುಮಾರಿಗೆ ಕಡೆದ, ಸುಮಾರು 57 ಅಡಿ ಎತ್ತರದ ಆ ಮೂರ್ತಿಯ ಫೋಟೊ ತೆಗೆಯಬೇಕೆಂದು ಡಿಸೆಂಬರ್ ರಜೆಯಲ್ಲಿ ಬೆಟ್ಟ ಹತ್ತಿದವರಲ್ಲಿ ಬಹಳ ಮಂದಿ, ಮಂಕಾದ ಮುಖವನ್ನೂ ಬೆಳ್ಳಗೆ ಸುಟ್ಟುಹೋದ ಆಕಾಶವನ್ನೂ ಮೊಬೈಲಿನಲ್ಲಿ ತುಂಬಿಕೊಂಡು ಕೆಳಗಿಳಿಯುತ್ತಾರೆ. ದೋಷ ಮೊಬೈಲಿನದಲ್ಲ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗೆ ಸೂರ್ಯನು ನಮ್ಮ ಆಕಾಶದಲ್ಲಿ ಹುಟ್ಟಿನಿಂದ ಮುಳುಗಿನವರೆಗೂ ದಕ್ಷಿಣಕ್ಕೆ ವಾಲಿಕೊಂಡೇ ಸಾಗುವುದರಿಂದ, ಉತ್ತರಕ್ಕೆ ಮುಖ ಮಾಡಿದ ಯಾವ ವಸ್ತುವಿನ ಎದುರು ಮೈಗೂ ಆ ತಿಂಗಳುಗಳಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಅದೇ ಗೊಮ್ಮಟನ ಮುಂದೆ ಏಪ್ರಿಲ್ ಕೊನೆಯ ಅಥವಾ ಮೇ ತಿಂಗಳ ಬೆಳಿಗ್ಗೆ ಎಂಟರ ಹೊತ್ತಿಗೆ ನಿಂತರೆ, ಈಶಾನ್ಯದ ಕಡೆಯಿಂದ, ಎಂದರೆ ನೋಡುವವರ ಎಡಗಡೆಯಿಂದ, ಬಿಸಿಲು ಓರೆಯಾಗಿ ಮುಖವನ್ನು ಸವರಿಕೊಂಡು ಹೋಗುತ್ತದೆ. ಮೂಗಿನ ಏಣು, ತುಟಿಯ ಅಂಚು, ಗುಂಗುರು ಕೂದಲಿನ ಸುರುಳಿ ಒಂದೊಂದೂ ಬೇರೆಬೇರೆಯಾಗಿ ಕಾಣುತ್ತವೆ. ಇನ್ನೂ ಒಂದು ಕಾರಣಕ್ಕೆ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು: ಬರಿಗಾಲಿನಲ್ಲಿ ಹತ್ತಬೇಕಾದ ಆ ಬಂಡೆ ಬೇಸಿಗೆಯಲ್ಲಿ ಹತ್ತು ಗಂಟೆಯಾಗುವಷ್ಟರಲ್ಲಿ ಕಾಯತೊಡಗುತ್ತದೆ.

ಪ್ರಸಿದ್ಧ ಸ್ಮಾರಕವಾಗಲಿ, ಊರ ಮುಂದಿನ ಅಂಚೆ ಡಬ್ಬವಾಗಲಿ, ಅಲುಗಾಡದೆ ನಿಂತಿರುವ ವಸ್ತುವಿನ ಫೋಟೊಗೆ ಕ್ಯಾಮೆರಾಕ್ಕಿಂತ ಮೊದಲು ಬೇಕಾದದ್ದು ದಿಕ್ಕಿನ ತಿಳಿವಳಿಕೆ. ಮನುಷ್ಯರನ್ನಾದರೆ ಬೆಳಕಿನ ಕಡೆಗೆ ತಿರುಗಿ ನಿಲ್ಲಿ ಎಂದು ಕೇಳಿಕೊಳ್ಳಬಹುದು. ಕಲ್ಲನ್ನು ಹಾಗೆ ಕೇಳುವಂತಿಲ್ಲ, ಬೆಳಕು ಅದರ ಕಡೆಗೆ ತಿರುಗುವ ಹೊತ್ತಿಗೆ ನಾವೇ ಹೋಗಬೇಕು. ನಮ್ಮ ದೇವಾಲಯಗಳಲ್ಲಿ ಹೆಚ್ಚಿನವು ಪೂರ್ವಾಭಿಮುಖವಾಗಿರುವುದರಿಂದ ಅವುಗಳ ಮುಂಭಾಗಕ್ಕೆ ಬೆಳಗಿನ ಬಿಸಿಲು ಸರಿ. ಪಶ್ಚಿಮಕ್ಕೆ ಮುಖವಿದ್ದರೆ ಸಂಜೆ ನಾಲ್ಕರ ನಂತರ. ದಕ್ಷಿಣಮುಖದ ಗೋಡೆಗೆ ಚಳಿಗಾಲ ಸೊಗಸಾದ ಕಾಲ, ಏಕೆಂದರೆ ಆಗ ನಡುಮಧ್ಯಾಹ್ನದಲ್ಲೂ ಬಿಸಿಲು ತುಸು ಓರೆಯಾಗಿಯೇ ಬೀಳುತ್ತದೆ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟ ಕಂಬಕ್ಕೂ ನೆರಳಿಲ್ಲದ ಕ್ಷಣ ಬರುತ್ತದೆ. ಆ ದಿನಗಳ ಆಸುಪಾಸಿನ ಮಧ್ಯಾಹ್ನದಲ್ಲಿ ಯಾವ ದಿಕ್ಕಿನ ಗೋಡೆಗೂ ಒಳ್ಳೆಯ ಬೆಳಕಿಲ್ಲ. ಮೊಬೈಲಿನಲ್ಲಿರುವ ದಿಕ್ಸೂಚಿಯನ್ನು ತೆರೆದು, ವಸ್ತು ಯಾವ ಕಡೆಗೆ ನೋಡುತ್ತಿದೆ ಎಂಬುದನ್ನು ಮೊದಲ ಭೇಟಿಯಲ್ಲೇ ಬರೆದಿಟ್ಟುಕೊಂಡರೆ, ಎರಡನೆಯ ಭೇಟಿ ವ್ಯರ್ಥವಾಗುವುದಿಲ್ಲ.

ವೀರಗಲ್ಲು, ಮಾಸ್ತಿಕಲ್ಲು, ಶಾಸನ

ನಮ್ಮ ನಾಡಿನ ದಾರಿಗಳಲ್ಲಿ ಸಿಗುವ ಗುರುತುಗಳಲ್ಲಿ ಅತಿ ಹೆಚ್ಚು ಕಾಳಜಿಗೆ ಪಾತ್ರವಾಗಬೇಕಾದವು ಈ ಕಲ್ಲುಗಳೆಂದು ನನ್ನ ಅಭಿಪ್ರಾಯ. ಬೇಲೂರನ್ನೂ ಹಂಪಿಯನ್ನೂ ಲಕ್ಷಾಂತರ ಮಂದಿ ಚಿತ್ರಿಸಿದ್ದಾರೆ, ಮುಂದೆಯೂ ಚಿತ್ರಿಸುತ್ತಾರೆ. ಕೆರೆ ಏರಿಯ ಕೆಳಗೆ, ಹೊಲದ ಬದುವಿನಲ್ಲಿ, ಬಸ್ ತಂಗುದಾಣದ ಹಿಂದೆ ಅರ್ಧ ಹೂತು ನಿಂತಿರುವ ವೀರಗಲ್ಲಿಗೆ ನೀವು ತೆಗೆಯುವ ಫೋಟೊ ಮೊದಲನೆಯದೂ ಆಗಿರಬಹುದು, ಕೊನೆಯದೂ ಆಗಿರಬಹುದು.

ಇದನ್ನು ನಾನು ಕಲಿತದ್ದು ಒಂದು ಕಲ್ಲನ್ನು ಕಳೆದುಕೊಂಡ ಮೇಲೆ. ಸುಮಾರು ಹತ್ತು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಒಂದು ಊರಿನ ಕೆರೆ ಏರಿಯ ಬುಡದಲ್ಲಿ ಎದೆಯೆತ್ತರದ ವೀರಗಲ್ಲನ್ನು ಕಂಡೆ. ಮಧ್ಯಾಹ್ನ ಹನ್ನೆರಡೂವರೆಯ ಬಿಸಿಲು, ಬಸ್ಸಿಗೆ ಹೊತ್ತಾಗುತ್ತಿತ್ತು. ನಿಂತಲ್ಲಿಂದಲೇ ಎರಡು ಫೋಟೊ ತೆಗೆದು ಹೊರಟೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ, ಕೆಳಗಿನ ಎರಡು ಪಟ್ಟಿಕೆಗಳ, ಎಂದರೆ ಕೆತ್ತನೆಯ ಅಡ್ಡಸಾಲುಗಳ, ನಡುವಿನ ಅಂಚಿನಲ್ಲಿ ಎರಡು ಸಾಲು ಬರಹವಿರುವುದು ತಿಳಿಯಿತು. ಬರಹವಿದೆ ಎಂಬುದಷ್ಟೇ ತಿಳಿಯಿತು, ಒಂದಕ್ಷರವೂ ಓದಲು ಬರಲಿಲ್ಲ. ಮತ್ತೊಮ್ಮೆ ಬೆಳಗಿನ ಹೊತ್ತಿಗೆ ಹೋಗಬೇಕೆಂದುಕೊಂಡವನು ಹೋದದ್ದು ಮರುವರ್ಷ. ಅಷ್ಟರಲ್ಲಿ ಏರಿಯ ಮೇಲಿನ ರಸ್ತೆ ಅಗಲವಾಗಿತ್ತು, ಬುಡಕ್ಕೆ ಹೊಸ ಮಣ್ಣು ಬಿದ್ದಿತ್ತು, ಕಲ್ಲು ಇರಲಿಲ್ಲ. ಅಕ್ಕಪಕ್ಕದ ಹೊಲದವರನ್ನು ಕೇಳಿದೆ. ಯಂತ್ರ ಬಂದ ದಿನ ಅದು ಎತ್ತ ಹೋಯಿತೆಂದು ಯಾರೂ ಗಮನಿಸಿರಲಿಲ್ಲ. ಯಾರೋ ಒಬ್ಬನ ಸಾವಿನ ಕತೆಯನ್ನು ಹೇಳುತ್ತಿದ್ದ ಆ ಎರಡು ಸಾಲು ಇಂದಿಗೂ ನನ್ನ ಹತ್ತಿರ ಇದೆ, ಓದಲಾಗದ ಸ್ಥಿತಿಯಲ್ಲಿ.

ಆದ್ದರಿಂದ ಓರೆ ಬೆಳಕಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಕಲ್ಲಿನ ಮೇಲಿನ ಅಕ್ಷರ ಕಾಣುವುದು ಬಣ್ಣದಿಂದಲ್ಲ, ನೆರಳಿನಿಂದ. ಅಕ್ಷರದ ಗೀರು ಒಂದೆರಡು ಮಿಲಿಮೀಟರ್ ಮಾತ್ರ ಆಳವಿದ್ದು, ಮೇಲಾಗಿ ನೂರಾರು ವರ್ಷಗಳ ಮಳೆಗೆ ಸವೆದಿರುತ್ತದೆ. ಬೆಳಕು ಎದುರಿನಿಂದ ಬಿದ್ದರೆ ಗೀರಿನ ಒಳಗೂ ಹೊರಗೂ ಒಂದೇ ಹೊಳಪು ಬಂದು ಬರಹ ಮಾಯವಾಗುತ್ತದೆ. ಅದಕ್ಕಾಗಿಯೇ ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದ ಶಾಸನದ ಫೋಟೊ ಎಂದಿಗೂ ಉಪಯೋಗಕ್ಕೆ ಬರುವುದಿಲ್ಲ. ಬೆಳಕು ಕಲ್ಲಿನ ಮೈಗೆ ತಾಗಿಕೊಂಡಂತೆ, ಹತ್ತು ಹದಿನೈದು ಡಿಗ್ರಿ ಕೋನದಲ್ಲಿ ಪಕ್ಕದಿಂದ ಹರಿದಾಗ ಒಂದೊಂದು ಗೀರಿನ ಒಂದು ಅಂಚು ಹೊಳೆದು ಇನ್ನೊಂದು ಅಂಚು ಕಪ್ಪಾಗುತ್ತದೆ. ಬರಿಗಣ್ಣಿಗೆ ಕಾಣದಿದ್ದ ಸಾಲು ಕಣ್ಣೆದುರೇ ಮೂಡಿಬರುತ್ತದೆ. ಈ ಬೆಳಕನ್ನು ಸೂರ್ಯನೇ ಕೊಡುವುದು ದಿನಕ್ಕೆ ಅರ್ಧ ಗಂಟೆ ಮಾತ್ರ. ಉಳಿದ ಹೊತ್ತಿನಲ್ಲಿ ನಾವೇ ಮಾಡಿಕೊಳ್ಳಬೇಕು.

ಹಗಲಿನಲ್ಲಿ ಮಾಡುವ ಬಗೆ ಹೀಗೆ: ಜೊತೆಗೊಬ್ಬರಿದ್ದರೆ ಅವರ ಕೈಗೆ ಕೊಡೆ ಕೊಟ್ಟು ಕಲ್ಲಿನ ಮೇಲೆ ಪೂರ್ತಿ ನೆರಳು ಬೀಳುವಂತೆ ಹಿಡಿಸಿ, ನಾಲ್ಕೈದು ಅಡಿ ದೂರದಲ್ಲಿ ಬಿಸಿಲಿಗೆ ಒಂದು ಸಾಧಾರಣ ಮುಖಗನ್ನಡಿಯನ್ನು ಒಡ್ಡಿ, ಪ್ರತಿಫಲಿಸಿದ ಬೆಳಕನ್ನು ಕಲ್ಲಿನ ಪಕ್ಕದಿಂದ ಹಾಯಿಸಿ. ಸಂಜೆಯಾದರೆ ಇನ್ನೂ ಸುಲಭ. ಸೂರ್ಯ ಮುಳುಗಿ ಕತ್ತಲಾಗುವ ಮೊದಲಿನ ಹೊತ್ತಿನಲ್ಲಿ ಮೊಬೈಲನ್ನು ಸ್ಟ್ಯಾಂಡಿನ ಮೇಲಿಟ್ಟು, ಮೂರು ಸೆಕೆಂಡಿನ ಟೈಮರ್ ಹಾಕಿ, ಇನ್ನೊಂದು ಟಾರ್ಚನ್ನು ಮೂರು ನಾಲ್ಕು ಅಡಿ ದೂರದಿಂದ ಓರೆಯಾಗಿ ಹಿಡಿಯಿರಿ. ತೀರ ಹತ್ತಿರ ಹಿಡಿದರೆ ಒಂದು ಅಂಚು ಬೆಳ್ಳಗಾಗಿ ಇನ್ನೊಂದು ಅಂಚು ಕತ್ತಲಾಗುತ್ತದೆ. ಮೊದಲ ಫೋಟೊಗೆ ಬೆಳಕು ಎಡಮೇಲಿನಿಂದ ಬರಲಿ. ಕೆಳಗಿನಿಂದ ಬೆಳಕು ಹಾಯಿಸಿದರೆ ಕೊರೆದ ಅಕ್ಷರ ಉಬ್ಬಿದಂತೆ ಕಂಡು ಓದುವವರ ಕಣ್ಣಿಗೆ ಮೋಸವಾಗುತ್ತದೆ. ಮೊಬೈಲನ್ನು ಅಲುಗಿಸದೆ ಬಲಮೇಲಿನಿಂದ, ನೇರ ಮೇಲಿನಿಂದ ಇನ್ನೆರಡು ತೆಗೆಯಿರಿ, ಏಕೆಂದರೆ ಎಡದಿಂದ ಬಂದ ಬೆಳಕು ಅಡ್ಡಗೀರುಗಳನ್ನು ಬಿಟ್ಟುಬಿಡುತ್ತದೆ. ಕನ್ನಡದ ತಲೆಕಟ್ಟು ಅಡ್ಡಗೀರೇ ಆದ್ದರಿಂದ ಈ ಮಾತು ನಮ್ಮ ಲಿಪಿಗೆ ವಿಶೇಷವಾಗಿ ಅನ್ವಯಿಸುತ್ತದೆ.

ಕ್ಯಾಮೆರಾ ಕಲ್ಲಿನ ನಡುವಿನ ಎತ್ತರದಲ್ಲಿ, ಕಲ್ಲಿನ ಮೈಗೆ ಸಮಾನಾಂತರವಾಗಿ ಇರಬೇಕು. ಹಾಗೆಂದರೆ ಬಹುಪಾಲು ಕುಕ್ಕರಗಾಲಿನಲ್ಲಿ ಕುಳಿತೇ ತೆಗೆಯಬೇಕು. ಮೊದಲು ಇಡೀ ಕಲ್ಲು, ನಂತರ ಒಂದೊಂದು ಪಟ್ಟಿಕೆ. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವೋ ತುರುಗಳನ್ನು ಬಿಡಿಸಿಕೊಳ್ಳುವ ಹೋರಾಟವೋ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು ಇರುತ್ತಾರೆ. ಬರಹ ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಂಚಿನಲ್ಲಿರುತ್ತದೆ. ಗಂಡನ ಚಿತೆಯೇರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೊಣಕೈ ಮಡಿಸಿ ಮೇಲೆತ್ತಿದ ಕೈಯನ್ನು ಬಿಡದೆ ಹತ್ತಿರದಿಂದ ತೆಗೆಯಿರಿ. ಬಳೆಗಳ ಕೆತ್ತನೆ ಒಂದೊಂದು ಕಲ್ಲಿಗೂ ಬೇರೆ. ಹಿಂಬದಿಯನ್ನೂ ಎರಡು ಪಕ್ಕಗಳನ್ನೂ ನೋಡಲು ಮರೆಯಬಾರದು, ಶಾಸನ ಅಲ್ಲಿಗೂ ಮುಂದುವರಿದಿರುತ್ತದೆ. ಉದ್ದನೆಯ ಶಾಸನವಾದರೆ ಮೇಲಿನಿಂದ ಕೆಳಕ್ಕೆ ತುಂಡುತುಂಡಾಗಿ, ಒಂದು ಫೋಟೊದ ಕೊನೆಯ ಎರಡು ಸಾಲು ಮುಂದಿನದರ ಮೊದಲಲ್ಲಿ ಮತ್ತೆ ಬರುವಂತೆ ತೆಗೆಯಬೇಕು. ಒಂದು ಫೋಟೊದಲ್ಲಾದರೂ ಕಲ್ಲಿನ ಪಕ್ಕದ ನೆಲದಲ್ಲಿ ಹದಿನೈದು ಸೆಂಟಿಮೀಟರಿನ ಸ್ಕೇಲ್ ಇಟ್ಟರೆ ಅಳತೆ ಸಿಗುತ್ತದೆ.

ಮಾಡಬಾರದ್ದು ಒಂದಿದೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತುಂಬುವುದು, ವಿಭೂತಿ ಬಳಿಯುವುದು, ಎಣ್ಣೆ ಸವರುವುದು, ತಂತಿ ಬ್ರಷ್ಷಿನಿಂದ ಪಾಚಿ ಉಜ್ಜುವುದು, ಇವೆಲ್ಲ ಕಲ್ಲಿಗೆ ಹಾನಿ. ಸೀಮೆಸುಣ್ಣ ತುಂಬಿದವರು ತಾವು ಓದಿದ್ದನ್ನೇ ಕಲ್ಲಿನ ಮೇಲೆ ಬರೆದಂತಾಗುತ್ತದೆ; ತಪ್ಪಾಗಿ ಓದಿದ್ದರೆ ಆ ತಪ್ಪೇ ಫೋಟೊದಲ್ಲಿ ನಿಲ್ಲುತ್ತದೆ. ಒಣಗಿದ ಎಲೆ, ಜೇಡರ ಬಲೆಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಸರಿಸಿದರೆ ಸಾಕು. ಊರವರು ಹಚ್ಚಿದ ಕುಂಕುಮ, ಏರಿಸಿದ ಹೂವು ಹಾಗೆಯೇ ಇರಲಿ. ಅದೂ ಆ ಕಲ್ಲಿನ ಈಗಿನ ಬದುಕು.

ಎಲ್ಲಿ ಅಭ್ಯಾಸ ಮಾಡುವುದೆಂದು ಕೇಳುವ ಬೆಂಗಳೂರಿನವರಿಗೆ ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋಗಿ ಎಂದು ಹೇಳುತ್ತೇನೆ. ಸುಮಾರು ಕ್ರಿ.ಶ. 890ರ, ಬೆಂಗಳೂರು ಎಂಬ ಹೆಸರನ್ನು ಹೊತ್ತಿರುವ ಗಂಗರ ಕಾಲದ ಶಾಸನ ಅಲ್ಲಿದೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನ, ಇಂಥ ಕಲ್ಲುಗಳು ನಗರದ ಬೀದಿಯ ನಡುವೆಯೂ ಸಿಗುತ್ತವೆಂಬುದಕ್ಕೆ ಸಾಕ್ಷಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆ ನಗರದ ಶಾಸನಗಳನ್ನು ತ್ರಿಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸುತ್ತಿದೆ; ಆ ಕೆಲಸದ ಚಿತ್ರಗಳನ್ನು ನೋಡಿದರೆ ಓರೆ ಬೆಳಕು ಏನನ್ನು ಹೊರತೆಗೆಯಬಲ್ಲದೆಂಬುದು ಅರ್ಥವಾಗುತ್ತದೆ. ಇವುಗಳ ಜೊತೆಗೆ ಗಡಿ ಕಲ್ಲುಗಳನ್ನೂ ಗುರುತಿಸಲು ಕಲಿಯಬೇಕು: ಶಿವಾಲಯಕ್ಕೆ ಬಿಟ್ಟ ಭೂಮಿಯ ಮೂಲೆಗೆ ನೆಟ್ಟ ಲಿಂಗಮುದ್ರೆಯ ಕಲ್ಲು, ಬ್ರಾಹ್ಮಣರಿಗೆ ಅಥವಾ ವಿಷ್ಣು ದೇವಾಲಯಕ್ಕೆ ಕೊಟ್ಟದ್ದರ ವಾಮನಮುದ್ರೆ, ಬಸದಿಗೆ ಬಿಟ್ಟದ್ದರ ಮುಕ್ಕೊಡೆ, ಎಂದರೆ ಒಂದರ ಮೇಲೊಂದು ಮೂರು ಕೊಡೆಗಳ ಗುರುತು. ಗೊತ್ತಿಲ್ಲದವರ ಕಣ್ಣಿಗೆ ಇವು ಬರಿಯ ಗುಂಡುಕಲ್ಲುಗಳು, ದನ ಕಟ್ಟುವ ಗೂಟಗಳು.

ಗಡಿಯಾರದ ಗೋಪುರ, ಎತ್ತರದ ಕಟ್ಟಡ

ಎತ್ತರದ ವಸ್ತುಗಳ ಫೋಟೊದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ತೀರ ಹತ್ತಿರ ನಿಂತು ಮೊಬೈಲನ್ನು ಮೇಲಕ್ಕೆ ಎತ್ತುವುದು. ಮೊಬೈಲ್ ಮೇಲಕ್ಕೆ ವಾಲಿದ ಕೂಡಲೇ ಗೋಪುರ ಹಿಂದಕ್ಕೆ ಬೀಳುತ್ತಿರುವಂತೆ, ಅದರ ಎರಡು ಅಂಚುಗಳು ತುದಿಯಲ್ಲಿ ಒಂದಕ್ಕೊಂದು ಹತ್ತಿರವಾದಂತೆ ಕಾಣುತ್ತದೆ. ಮೈಸೂರಿನ ದೊಡ್ಡ ಗಡಿಯಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿಸಿದ ಈ ಗೋಪುರ 75 ಅಡಿ ಎತ್ತರವಿದೆ. ಮೊಬೈಲಿನ ಮುಖ್ಯ ಲೆನ್ಸಿನಲ್ಲಿ, ಮೊಬೈಲನ್ನು ಉದ್ದವಾಗಿ ಹಿಡಿದು, ಒಂದಿಷ್ಟೂ ಮೇಲಕ್ಕೆ ವಾಲಿಸದೆ ಗೋಪುರದ ತುದಿ ಒಳಗೆ ಬರಬೇಕಾದರೆ, ಅದರ ಎತ್ತರದ ಸುಮಾರು ಒಂದೂವರೆ ಪಟ್ಟು ದೂರಕ್ಕೆ, ಎಂದರೆ 110 ಅಡಿಯಷ್ಟು ಹಿಂದಕ್ಕೆ ಹೋಗಬೇಕು. ಆಗ ಚಿತ್ರದ ಕೆಳಗಿನ ಅರ್ಧ ಭಾಗದಲ್ಲಿ ಬರೀ ರಸ್ತೆ ತುಂಬಿಕೊಂಡಿರುತ್ತದೆ. ಅದನ್ನು ಆಮೇಲೆ ಕತ್ತರಿಸಿದರಾಯಿತು. ಅಷ್ಟು ಹಿಂದೆ ಹೋಗಲು ಜಾಗವಿಲ್ಲದಿದ್ದರೆ ಎದುರಿನ ಕಟ್ಟಡದ ಮೊದಲ ಮಹಡಿಯಿಂದ, ಅಂಗಡಿಯವರ ಒಪ್ಪಿಗೆ ಪಡೆದು ತೆಗೆಯಬಹುದು. ಅದೂ ಆಗದಿದ್ದರೆ ಸ್ನ್ಯಾಪ್‌ಸೀಡಿನಂಥ ಆ್ಯಪಿನಲ್ಲಿ ನೇರ ಮಾಡಿಕೊಳ್ಳಬಹುದು, ಆದರೆ ಹಾಗೆ ಮಾಡುವಾಗ ಅಂಚುಗಳು ಕತ್ತರಿಸಿಹೋಗುವುದರಿಂದ ಸುತ್ತಲೂ ಧಾರಾಳವಾಗಿ ಜಾಗ ಬಿಟ್ಟು ತೆಗೆದಿರಬೇಕು. ಅಗಲದ ಲೆನ್ಸನ್ನು, 0.5 ಎಂದು ತೋರಿಸುವುದನ್ನು, ಇಂಥ ಕೆಲಸಕ್ಕೆ ಬಳಸಬೇಡಿ. ಅದರ ಅಂಚಿನಲ್ಲಿ ಕಂಬಗಳು ಎಳೆದಂತಾಗುತ್ತವೆ.

ಬೆಂಗಳೂರಿನ ವಿಧಾನಸೌಧದ ಮುಂಭಾಗಕ್ಕೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ಅಲ್ಲಿ ಇಡೀ ಕಟ್ಟಡವನ್ನು ತೆಗೆದವರೇ ಎಲ್ಲರೂ. ಎರಡು ಮೂರು ಪಟ್ಟು ಝೂಮ್ ಮಾಡಿ ಮುಂಭಾಗದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು, ಕಂಬಗಳ ತುದಿಯ ಕೆತ್ತನೆಯನ್ನು ತೆಗೆದು ನೋಡಿ. 1956ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಶಿಲ್ಪಿಗಳ ಕೈಕೆಲಸ ದೂರದ ಚಿತ್ರದಲ್ಲಿ ಸಿಗುವುದಿಲ್ಲ.

ದೀಪ ಹೊತ್ತಿದ ಕಟ್ಟಡದ ಚಿತ್ರಕ್ಕೂ ಪಂಚಾಂಗ ನೋಡಬೇಕಾಗುತ್ತದೆ. ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳಲ್ಲಿ ಸಂಜೆ ಏಳಕ್ಕೆ ಮೈಸೂರು ಅರಮನೆಯ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಸೂರ್ಯ ಆರರ ಹೊತ್ತಿಗೇ ಮುಳುಗಿರುವುದರಿಂದ ಏಳಕ್ಕೆ ಆಕಾಶ ಕಾಡಿಗೆಯಂತಾಗಿ, ಅರಮನೆಯ ಗುಮ್ಮಟಗಳ ಅಂಚು ಎಲ್ಲಿ ಮುಗಿಯಿತೆಂಬುದೇ ತಿಳಿಯುವುದಿಲ್ಲ. ಮೇ ಕೊನೆಯಿಂದ ಜುಲೈವರೆಗೆ ಸೂರ್ಯಾಸ್ತ ಏಳಕ್ಕೆ ಕೆಲವೇ ನಿಮಿಷ ಮೊದಲು. ಆಗ ದೀಪ ಹೊತ್ತುವ ಗಳಿಗೆಗೆ ಆಕಾಶ ಕಡುನೀಲಿಗೆ ತಿರುಗುತ್ತಿರುತ್ತದೆ. ಬಂಗಾರದ ಬಣ್ಣದ ದೀಪದ ಹಿಂದೆ ಆ ನೀಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ದಸರೆಯ ಜನಜಂಗುಳಿಯಲ್ಲಿ ತೆಗೆದ ಚಿತ್ರಕ್ಕಿಂತ ಮಳೆ ಬಿಟ್ಟ ಒಂದು ಜೂನ್ ಭಾನುವಾರದ ಚಿತ್ರವನ್ನೇ ನಾನು ಹೆಚ್ಚು ಮೆಚ್ಚುತ್ತೇನೆ, ಅಂಗಳದ ನೀರಿನಲ್ಲಿ ಅರಮನೆ ಇನ್ನೊಮ್ಮೆ ಕಾಣುವುದೂ ಆಗಲೇ. ದೀಪದ ಭಾಗವನ್ನು ಪರದೆಯ ಮೇಲೆ ಒತ್ತಿ ಹಿಡಿದು ಫೋಕಸ್ ಬಿಗಿ ಮಾಡಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆದರೆ ಬಲ್ಬುಗಳು ಒಂದಕ್ಕೊಂದು ಅಂಟಿಕೊಂಡು ಬಿಳಿಯ ಮುದ್ದೆಯಾಗುವುದು ತಪ್ಪುತ್ತದೆ.

ದಿನವೂ ಕಾಣುವ ವಸ್ತುಗಳು

ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಕಪ್ಪಕ್ಷರಗಳಲ್ಲಿರುತ್ತದೆ. ಜೊತೆಗೆ ಸಮುದ್ರ ಮಟ್ಟದಿಂದ ಆ ನಿಲ್ದಾಣದ ಎತ್ತರವೂ ಸಣ್ಣ ಅಂಕಿಗಳಲ್ಲಿರುತ್ತದೆ. ಬಹಳ ಮಂದಿ ಹೆಸರನ್ನು ತೆಗೆದು ಅಂಕಿಯನ್ನು ಬಿಡುತ್ತಾರೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ ಹಗಲು ರೈಲಿನಲ್ಲಿ ಹೋಗುವವರು ಕಿಟಕಿಯಿಂದಲೇ ಒಂದೊಂದು ನಿಲ್ದಾಣದ ಫಲಕವನ್ನು ತೆಗೆಯುತ್ತ ಬಂದರೆ, ಆ ಅಂಕಿ ಮೇಲೇರುತ್ತ ಹೋಗುವುದೇ ಒಂದು ಚಿತ್ರಮಾಲೆಯಾಗುತ್ತದೆ; ಜಲಪಾತಗಳ ಫೋಟೊಗಿಂತ ಘಟ್ಟದ ಏರನ್ನು ಅದು ಚೆನ್ನಾಗಿ ಹೇಳುತ್ತದೆ. ಫಲಕ ಉದ್ದವಾಗಿರುವುದರಿಂದ ಅದರ ನಡುವಿನ ಎದುರು ನಿಂತು ತೆಗೆಯಬೇಕು, ಪಕ್ಕದಿಂದ ತೆಗೆದರೆ ಒಂದು ತುದಿಯ ಅಕ್ಷರ ಕುಗ್ಗುತ್ತದೆ. ಎದುರು ನಿಲ್ಲಲು ಹಳಿಯ ಮೇಲೆ ಇಳಿಯಬೇಕಾಗಿ ಬಂದರೆ ಆ ಫೋಟೊ ಬೇಡವೇ ಬೇಡ: ಪ್ರಾಣಾಪಾಯವಂತೂ ಸರಿ, 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶ ಶಿಕ್ಷಾರ್ಹ ಅಪರಾಧವೂ ಹೌದು. ಸ್ಟ್ಯಾಂಡ್ ಹಾಕಿ ತೆಗೆಯುವ ವಿಚಾರವಿದ್ದರೆ ಮೊದಲು ಸ್ಟೇಷನ್ ಮಾಸ್ಟರರನ್ನು ಕೇಳಬೇಕು.

ಮೈಲುಗಲ್ಲಿನ ತಲೆಯ ಬಣ್ಣ ರಸ್ತೆ ಯಾವುದೆಂದು ಹೇಳುತ್ತದೆ: ರಾಷ್ಟ್ರೀಯ ಹೆದ್ದಾರಿಗೆ ಹಳದಿ, ರಾಜ್ಯ ಹೆದ್ದಾರಿಗೆ ಹಸಿರು, ಗ್ರಾಮೀಣ ರಸ್ತೆಗೆ ಕಿತ್ತಳೆ. ಕಲ್ಲಿನ ಎತ್ತರಕ್ಕೆ ಕುಳಿತು, ಕಲ್ಲು ಚಿತ್ರದ ಒಂದು ಪಕ್ಕಕ್ಕೂ ರಸ್ತೆ ಇನ್ನೊಂದು ಪಕ್ಕದಲ್ಲಿ ದೂರಕ್ಕೂ ಹೋಗುವಂತೆ ತೆಗೆದರೆ ಊರಿನ ಹೆಸರು, ದೂರ, ದಾರಿ ಮೂರೂ ಒಟ್ಟಿಗೆ ಸಿಗುತ್ತವೆ. ಮೈಲಿಯ ಲೆಕ್ಕದಲ್ಲಿ ದೂರ ಕೊರೆದ ಹಳೆಯ ಕಲ್ಲು ಸಿಕ್ಕರೆ ಅದಕ್ಕೆ ಶಾಸನಕ್ಕೆ ಕೊಟ್ಟಷ್ಟೇ ಗಮನ ಕೊಡಿ, ಬಣ್ಣ ಬಳಿದು ಬಳಿದು ಅಂಕಿ ಮುಚ್ಚಿದ್ದರೂ ಓರೆ ಬೆಳಕಿನಲ್ಲಿ ಅದು ಕಾಣುತ್ತದೆ. ಹೆದ್ದಾರಿಯ ಬದಿಯಲ್ಲಿ ಬರುವ ವಾಹನಗಳಿಗೆ ಬೆನ್ನು ಹಾಕಿ ಕೂರಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ.

ಅಂಚೆ ಡಬ್ಬದ ಕೆಂಪು ಮೊಬೈಲಿನಲ್ಲಿ ಸುಲಭವಾಗಿ ಕೆಡುತ್ತದೆ. ನೇರ ಬಿಸಿಲಿನಲ್ಲಿ ಆ ಕೆಂಪು ವಿವರವೇ ಇಲ್ಲದ ಬಣ್ಣದ ಚಪ್ಪಡಿಯಾಗುವುದರಿಂದ ಮೋಡದ ಹೊತ್ತಿನಲ್ಲಿ, ಬೆಳಕನ್ನು ಸ್ವಲ್ಪ ತಗ್ಗಿಸಿ ತೆಗೆಯಬೇಕು. ಕಾಗದ ತೆಗೆಯುವ ಹೊತ್ತನ್ನು ಬರೆದ ಸಣ್ಣ ತಗಡನ್ನೂ, ಕಾಗದ ಹಾಕುವ ಬಾಯಿಯ ಹತ್ತಿರ ಕೈಯುಜ್ಜಿ ಬಣ್ಣ ಹೋದ ಜಾಗವನ್ನೂ ಹತ್ತಿರದಿಂದ ತೆಗೆಯಿರಿ.

ರಾತ್ರಿಯ ಹೊತ್ತು ಬಸ್ಸಿನ ಮುಂದಿನ ಎಲ್ಇಡಿ ಫಲಕವನ್ನು ತೆಗೆದಾಗ ಊರಿನ ಹೆಸರು ಅರ್ಧಂಬರ್ಧ ಬರುವುದನ್ನು ಎಲ್ಲರೂ ಕಂಡಿರುತ್ತೇವೆ. ಆ ದೀಪಗಳು ಸದಾ ಉರಿಯುತ್ತಿರುವುದಿಲ್ಲ, ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಹೊತ್ತಿ ಆರುತ್ತಿರುತ್ತವೆ. ಕ್ಯಾಮೆರಾದ ಪ್ರೊ ಮೋಡಿನಲ್ಲಿ ಷಟರ್ ವೇಗವನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೆ ಇಳಿಸಿ, ಬಸ್ಸು ನಿಂತಾಗ ತೆಗೆದರೆ ಹೆಸರು ಪೂರ್ತಿ ಬರುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಬೀದಿದೀಪದ ಕೆಳಗೆ ಕಾಣುವ ಅಡ್ಡಪಟ್ಟೆಗಳೂ ಇದೇ ವೇಗದಲ್ಲಿ ಮಾಯವಾಗುತ್ತವೆ.

ಅಶ್ವತ್ಥಕಟ್ಟೆ ಇವೆಲ್ಲಕ್ಕಿಂತ ಕಷ್ಟದ್ದು. ಎಲೆಗಳ ನಡುವಿನಿಂದ ತೂರಿದ ಬಿಸಿಲು ನಾಗರಕಲ್ಲುಗಳ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದು ಹೆಡೆಯೂ ಸುರುಳಿಯೂ ಒಂದಾಗಿಬಿಡುತ್ತವೆ. ಸೂರ್ಯ ಮೇಲೇರುವ ಮೊದಲು, ಅಥವಾ ಆಷಾಢದ ಮೋಡದ ಬೆಳಕಿನಲ್ಲಿ ಹೋಗಿ. ಇಡೀ ಮರವನ್ನು ಹಿಡಿಯುವ ಹಟ ಬಿಟ್ಟು ಕಟ್ಟೆಯ ಅಂಚು, ಕಾಂಡದ ಬುಡ, ಕಲ್ಲುಗಳ ಸಾಲು ಇಷ್ಟನ್ನೇ ತೆಗೆದರೂ ಕಟ್ಟೆ ಕಟ್ಟೆಯಾಗಿಯೇ ಕಾಣುತ್ತದೆ.

ಒಂದೇ ಬಗೆಯ ವಸ್ತುವನ್ನು ಬೇರೆಬೇರೆ ಕಡೆ ಒಂದೇ ರೀತಿಯಲ್ಲಿ ತೆಗೆಯುವುದು ಒಳ್ಳೆಯ ಅಭ್ಯಾಸ. ಬೆಂಗಳೂರಿನ ನಾಲ್ಕು ಕೆಂಪೇಗೌಡ ಗೋಪುರಗಳು, ಎಂದರೆ ಲಾಲ್‌ಬಾಗಿನದು, ಹಲಸೂರು ಕೆರೆಯದು, ಕೆಂಪಾಂಬುಧಿ ಕೆರೆಯದು, ಮೇಖ್ರಿ ವೃತ್ತದ ಹತ್ತಿರದ್ದು, ಒಂದು ಭಾನುವಾರ ಬೆಳಿಗ್ಗೆ ಸುತ್ತಿ ಮುಗಿಸುವಷ್ಟು ಹತ್ತಿರದಲ್ಲಿವೆ. ನಾಲ್ಕನ್ನೂ ಒಂದೇ ಲೆನ್ಸಿನಿಂದ, ಗೋಪುರ ಚಿತ್ರದಲ್ಲಿ ಒಂದೇ ಗಾತ್ರದಲ್ಲಿ ಬರುವಂತೆ ತೆಗೆದು ಪಕ್ಕಪಕ್ಕದಲ್ಲಿಟ್ಟರೆ, ಗೋಪುರಗಳ ಹೋಲಿಕೆಯ ಜೊತೆಗೆ ಅವುಗಳ ಸುತ್ತ ನಗರ ಹೇಗೆ ಬೆಳೆಯಿತೆಂಬುದೂ ಕಣ್ಣಿಗೆ ಬೀಳುತ್ತದೆ. ಲಾಲ್‌ಬಾಗಿನಲ್ಲಿ ಮಾತ್ರ ಗೋಪುರವನ್ನು ಚಿಕ್ಕದಾಗಿಸಿ ಅದರ ಕೆಳಗಿನ ಬಂಡೆಗೆ ಹೆಚ್ಚು ಜಾಗ ಕೊಟ್ಟ ಇನ್ನೊಂದು ಚಿತ್ರವೂ ಬೇಕು. ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕೇಳುವುದು, ಬರೆದಿಡುವುದು

ಊರೊಳಗಿನ ಕಲ್ಲಿನ ಮುಂದೆ ಕ್ಯಾಮೆರಾ ತೆಗೆಯುವ ಮೊದಲು ಹತ್ತಿರದಲ್ಲಿರುವ ಹಿರಿಯರನ್ನು ಕೇಳುವುದು ಮರ್ಯಾದೆಯೂ ಹೌದು, ಲಾಭವೂ ಹೌದು. ‘ಯಜಮಾನ್ರೇ, ಈ ಕಲ್ಲಿಂದು ಒಂದು ಫೋಟೊ ತೆಗೀಬೋದಾ?’ ಎಂದು ನಾನು ಕೇಳಿದ ಕಡೆಯಲ್ಲೆಲ್ಲ ಒಪ್ಪಿಗೆಯ ಜೊತೆಗೆ ಇನ್ನೇನಾದರೂ ಸಿಕ್ಕಿದೆ. ‘ತೆಗೀರಿ ಸ್ವಾಮಿ. ನಾವು ಇದನ್ನ ಮಾಸ್ತಮ್ಮ ಅಂತೀವಿ. ಆಚೆ ಹುಣಸೇಮರದ ಕೆಳಗೆ ಇನ್ನೊಂದೈತೆ’ ಎಂದು ಒಬ್ಬರು ನಡೆದುಕೊಂಡು ಬಂದು ತೋರಿಸಿದರು. ಊರವರು ಕರೆಯುವ ಹೆಸರನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಬೇಕು. ಪೂಜೆ ನಡೆಯುತ್ತಿರುವಾಗ ಕಾಯಬೇಕು. ಗರ್ಭಗುಡಿಯ ಕಡೆಗೆ ಕ್ಯಾಮೆರಾ ತಿರುಗಿಸಬಾರದು.

ಕಾನೂನಿನ ಮಾತು ಸಂಕ್ಷೇಪವಾಗಿ. ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ಫೋಟೊ ತೆಗೆಯಬಹುದು, ಟ್ರೈಪಾಡ್ ಬಳಸಲು ಮತ್ತು ಡ್ರೋನ್ ಹಾರಿಸಲು ಅನುಮತಿ ಬೇಕು. ಸೇನಾ ನೆಲೆ, ಅಣೆಕಟ್ಟಿನಂಥ ಕಡೆ ಛಾಯಾಗ್ರಹಣ ನಿಷೇಧದ ಫಲಕವಿದ್ದರೆ ಆ ಫಲಕದ ಫೋಟೊ ಕೂಡ ತೆಗೆಯಬೇಡಿ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದ ಮತ್ತು ಕಟ್ಟಡದ ಫೋಟೊ ತೆಗೆದು ಪ್ರಕಟಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ಅವಕಾಶ ಕೊಡುತ್ತದೆ. ಗೋಡೆಯ ಮೇಲೆ ಬರೆದ ಹೊಸ ಚಿತ್ರಗಳಿಗೆ ಈ ಅವಕಾಶ ಅನ್ವಯಿಸುವುದಿಲ್ಲವಾದ್ದರಿಂದ ಅವುಗಳನ್ನು ಪ್ರಕಟಿಸುವ ಮೊದಲು ಕಲಾವಿದರನ್ನು ಕೇಳಬೇಕು. ವಿದೇಶಕ್ಕೆ ಹೋದವರು ಅಲ್ಲಿನ ನಿಯಮ ತಿಳಿದುಕೊಳ್ಳಬೇಕು. ಪ್ಯಾರಿಸಿನ ಐಫೆಲ್ ಗೋಪುರದ ಹಗಲಿನ ಚಿತ್ರಕ್ಕೆ ತೊಡಕಿಲ್ಲ, ಅದರ ರಾತ್ರಿಯ ದೀಪಾಲಂಕಾರಕ್ಕೆ ಮಾತ್ರ ಪ್ರತ್ಯೇಕ ಕೃತಿಸ್ವಾಮ್ಯವಿದೆ.

ಮೊಬೈಲಿನ ಕ್ಯಾಮೆರಾದಲ್ಲಿ ಸ್ಥಳದ ಗುರುತನ್ನು ಹೊರಡುವ ಮೊದಲೇ ಆನ್ ಮಾಡಿಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಸಾಧಾರಣವಾಗಿ ಕಳಿಸಿದ ಫೋಟೊ ಕುಗ್ಗುವುದಲ್ಲದೆ ಸ್ಥಳದ ಗುರುತನ್ನೂ ಕಳೆದುಕೊಳ್ಳುತ್ತದೆ. ಮೂಲ ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಬೇಕು. ಎಲ್ಲರಿಗೂ ಸಿಗಲಿ ಎನ್ನುವವರು ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಭಂಡಾರಕ್ಕೆ ಏರಿಸಬಹುದು, ಅಲ್ಲಿ ವಿವರಣೆಯನ್ನು ಕನ್ನಡದಲ್ಲೇ ಬರೆಯಲು ಅವಕಾಶವಿದೆ. ವಸ್ತು ತೀರ ಒಂಟಿಯಾಗಿ, ಕಾವಲಿಲ್ಲದ ಕಡೆಯಲ್ಲಿದ್ದರೆ ನಿಖರವಾದ ಜಾಗವನ್ನು ಬಹಿರಂಗವಾಗಿ ಹಾಕದೆ ಊರಿನ ಹೆಸರಷ್ಟನ್ನೇ ಹಾಕುವುದು ಸುರಕ್ಷಿತ. ವಿಗ್ರಹ ಕದಿಯುವವರೂ ಫೋಟೊ ನೋಡುತ್ತಾರೆ. ಪೂರ್ತಿ ವಿವರ ನಿಮ್ಮ ಪುಸ್ತಕದಲ್ಲಿರಲಿ.

ಆ ವಿವರವನ್ನು ಅಂದೇ ರಾತ್ರಿ ಬರೆಯಬೇಕು, ಮರುದಿನಕ್ಕೆ ಬಿಟ್ಟರೆ ಎರಡು ಊರುಗಳು ಬೆರೆತುಹೋಗುತ್ತವೆ. ಹುಣಸೆಮರದ ಕೆಳಗಿನ ಆ ಎರಡನೆಯ ಕಲ್ಲಿನ ಬಗ್ಗೆ ನನ್ನ ಪುಸ್ತಕದಲ್ಲಿ ಹೀಗಿದೆ: ‘ಮಾಸ್ತಿಕಲ್ಲು. ಊರವರ ಬಾಯಲ್ಲಿ ಚಿಕ್ಕ ಮಾಸ್ತಮ್ಮ. ಪೂರ್ವಕ್ಕೆ ಮುಖ. ನೆಲದ ಮೇಲೆ ಎರಡೂಕಾಲು ಅಡಿ, ಕೆಳಗೆ ಎಷ್ಟು ಹೂತಿದೆಯೋ ತಿಳಿಯದು. ಬಲಗೈಯಲ್ಲಿ ನಿಂಬೆಹಣ್ಣು, ಐದು ಬಳೆ. ಬರಹವಿಲ್ಲ, ಹಿಂಬದಿ ನೋಡಿದೆ. ಸಂಜೆ 5.40, ಟಾರ್ಚ್ ಎಡಮೇಲಿನಿಂದ. ಪಕ್ಕದಲ್ಲಿ ಹೊಸ ಚರಂಡಿಗೆ ಗುರುತು ಹಾಕಿದ್ದಾರೆ. ಪಂಚಾಯಿತಿಯಲ್ಲಿ ಹೇಳಿ ಬಂದೆ, ಮುಂದಿನ ತಿಂಗಳು ಮತ್ತೆ ಹೋಗಿ ನೋಡಬೇಕು.’